ಮೆಣಸಿನ ನಾಡಿನ ಅರಸಿಯರೂ ಅವರ ವೃತ್ತಾಂತಕಾರರೂ

ಶಿವಮೊಗ್ಗೆಯಲ್ಲಿ ತುಂಗೆಯ ದಡಕ್ಕೆ ಸಮೀಪವಾಗಿ ನಿಂತಿರುವ ಹಳೆಯ ಅರಮನೆಯು ಶಿವಪ್ಪನಾಯಕನ ಹೆಸರಿನಿಂದ ಪ್ರಸಿದ್ಧವಾಗಿದೆ. ಈಗಿರುವ ಕಟ್ಟಡವು ಹೈದರನ ಕಾಲದ್ದೆಂದು ಬಲ್ಲವರು ಹೇಳುವರಾದರೂ ಜನರ ಬಾಯಲ್ಲಿ ಅದು ಶಿವಪ್ಪನಾಯಕನ ಅರಮನೆಯೇ ಸರಿ. ಅರಮನೆಗಿಂತಲೂ ಹೆಚ್ಚಾಗಿ ಆ ದೊರೆಯ ಹೆಸರನ್ನು ಉಳಿಸಿರುವುದು ಅವನ ಶಿಸ್ತು. ಭೂಮಿಯ ಗುಣವನ್ನು ನೋಡಿ ತರಗತಿಗಳಾಗಿ ವಿಂಗಡಿಸಿ, ಫಸಲನ್ನು ಪರೀಕ್ಷಿಸಿ, ಇಂತಿಷ್ಟು ಕಂದಾಯವೆಂದು ಆತನು ಗೊತ್ತುಮಾಡಿದ ಕ್ರಮವು ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತಾಗಿ ಮಲೆನಾಡಿನಲ್ಲಿ ನೆಲೆನಿಂತಿದೆ. ಅವನು ಆಳಿದ್ದು 1645ರಿಂದ 1660ರ ವರೆಗೆ, ಅಂದರೆ 15 ವರ್ಷ.

ಅವನ ತರುವಾಯ, 1671ರಲ್ಲಿ, ಅದೇ ಸಂಸ್ಥಾನದ ಗದ್ದುಗೆಯನ್ನೇರಿದ ಚೆನ್ನಮ್ಮಾಜಿಯು ಸುಮಾರು 25 ವರ್ಷ ರಾಜ್ಯಭಾರ ಮಾಡಿದಳು. ಅದೇ ಶಿಸ್ತಿನ ಕಂದಾಯವನ್ನು ಎತ್ತಿಸಿದವಳು ಆಕೆ. ಅದೇ ಬಂದರುಗಳ ಸುಂಕವನ್ನು ಲೆಕ್ಕಕ್ಕೆ ತರಿಸಿದವಳು ಆಕೆ. ಆದರೆ ‘ಚೆನ್ನಮ್ಮಾಜಿಯ ಶಿಸ್ತು’ ಎಂಬ ಮಾತು ಎಲ್ಲಿಯೂ ಹುಟ್ಟಲಿಲ್ಲ. ಆಕೆಯ ಹೆಸರು ಬಂದೊಡನೆ ಜನರಿಗೆ ನೆನಪಾಗುವುದು ಕತ್ತಿ. ಔರಂಗಜೇಬನ ಸೇನೆಗೆ ಹೆದರಿ ಬಂದ ರಾಜಾರಾಮನಿಗೆ ಕೊಟ್ಟ ಆಶ್ರಯ. ಅದು ಸುಳ್ಳಲ್ಲ, ಸಣ್ಣ ಕಾರ್ಯವೂ ಅಲ್ಲ. ಆದರೂ ಎರಡು ಮೂರು ತಿಂಗಳ ಸಾಹಸವು ಇಪ್ಪತ್ತೈದು ವರ್ಷಗಳ ಆಯವ್ಯಯವನ್ನು ನುಂಗಿಬಿಟ್ಟದ್ದು ಹೇಗೆ ಎಂಬುದು ವಿಚಾರಣೀಯವಾದ ಸಂಗತಿ. ಇದಕ್ಕೆ ಉತ್ತರವು ಆಕೆಯ ಕಾರ್ಯದಲ್ಲಿ ದೊರೆಯುವುದಿಲ್ಲ. ಆಕೆಯನ್ನು ಕುರಿತು ಬರೆದವರ ದೃಷ್ಟಿಯಲ್ಲಿ ದೊರೆಯುತ್ತದೆ.

ಇಲ್ಲಿ ಒಂದು ಶಬ್ದವಿಚಾರ. ಕೌಟಿಲ್ಯನು ವಿದ್ಯೆಗಳನ್ನು ಎಣಿಸುವಾಗ ಆನ್ವೀಕ್ಷಕೀ, ತ್ರಯೀ, ದಂಡನೀತಿಗಳ ಜೊತೆಗೆ ವಾರ್ತೆಯೆಂಬುದೊಂದನ್ನು ಹೇಳುತ್ತಾನೆ. ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ; ಒಂದೇ ಮಾತಿನಲ್ಲಿ ಹೇಳುವುದಾದರೆ ಲೋಕದ ಜೀವನೋಪಾಯ. ಈಗ ಕನ್ನಡದಲ್ಲಿ ವಾರ್ತೆಯೆಂದರೆ ವೃತ್ತಪತ್ರಿಕೆಯಲ್ಲಿ ಬರುವ ಸುದ್ದಿ. ಒಂದು ವಾರ್ತೆಯನ್ನು ನಡೆಸಿದ ಸ್ತ್ರೀಯರು ಇನ್ನೊಂದು ವಾರ್ತೆಯಲ್ಲಿ ಹೇಗೆ ಕಾಣಿಸಿಕೊಂಡರು ಎಂಬುದೇ ಈ ಪ್ರಬಂಧದ ವಿಷಯ. ಹೆಂಗಸಿಗೂ ಹಣಕ್ಕೂ ಸಂಬಂಧವಿಲ್ಲವೆಂದು ನಮ್ಮ ಪೂರ್ವಿಕರು ತಿಳಿದಿದ್ದರೆಂದು ಯಾರೂ ಭಾವಿಸಬೇಕಾಗಿಲ್ಲ. ಧನದ ಸಂಗ್ರಹಕ್ಕೂ ವ್ಯಯಕ್ಕೂ ಪತ್ನಿಯನ್ನು ನಿಯಮಿಸಬೇಕೆಂದು ಮನುಸ್ಮೃತಿಯ 9ನೆಯ ಅಧ್ಯಾಯದಲ್ಲಿಯೇ ಹೇಳಿದೆ. ವರ್ಷದ ಆದಾಯವನ್ನು ಎಣಿಸಿ ಅದಕ್ಕೆ ತಕ್ಕಂತೆ ವೆಚ್ಚ ಮಾಡುವುದು ಗೃಹಿಣಿಯ ಕೆಲಸವೆಂದು ವಾತ್ಸ್ಯಾಯನನೂ ಹೇಳಿದ್ದಾನೆ. ಆ ಲೆಕ್ಕವು ಮನೆಯ ಹೊಸಲನ್ನು ದಾಟಿ ನಾಡಿನ ಲೆಕ್ಕವಾದಾಗ ಮಾತ್ರ ಬರೆಯುವವರಿಗೆ ಆಶ್ಚರ್ಯವುಂಟಾಗುತ್ತದೆ.

ಆ ಆಶ್ಚರ್ಯದ ಅತಿ ಪ್ರಾಚೀನವಾದ ಕುರುಹು ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಹಿಂದೆ ಬಂದಣಿಕೆಯೆಂಬ ಹೆಸರಿನ ಜೈನತೀರ್ಥವಾಗಿತ್ತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಹತ್ತನೆಯ ಶತಮಾನದ ಆದಿಭಾಗದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ಆಗ ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ನಾಳ್ಗಾವುಂಡಿಕೆಯೆಂಬುದು ಬರಿಯ ಬಿರುದಲ್ಲ. ನಾಡಿನ ಹಳ್ಳಿಗಳ ಮೇಲ್ವಿಚಾರಣೆ, ತೆರಿಗೆಯ ವಸೂಲು, ವ್ಯಾಜ್ಯಗಳ ತೀರ್ಮಾನ ಎಲ್ಲವೂ ಅದರಲ್ಲಿ ಸೇರಿದ್ದವು. ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ಆ ಶಾಸನವು ಜಕ್ಕಿಯಬ್ಬೆಯನ್ನು ವರ್ಣಿಸುವ ರೀತಿಯು ಗಮನಾರ್ಹವಾಗಿದೆ. ಒಳ್ಳೆಯ ಆಡಳಿತಕ್ಕೆ ಬೇಕಾದ ಸಾಮರ್ಥ್ಯದಲ್ಲಿ ಆಕೆ ನಿಪುಣೆ ಎಂಬುದು ಮೊದಲು ಬರುತ್ತದೆ. ಜಿನಶಾಸನದಲ್ಲಿ ಆಕೆಗಿದ್ದ ಭಕ್ತಿ, ಆಕೆಯ ರೂಪ ಇವು ಅನಂತರ. ಹೆಣ್ಣಾಗಿದ್ದರೂ ಆಕೆ ನಾಗರಖಂಡವನ್ನು ಚೆನ್ನಾಗಿ ಪಾಲಿಸಿದಳೆಂದೂ, ದೇಹಕ್ಕೆ ವ್ಯಾಧಿ ತಗುಲಲು ಮಗಳನ್ನು ಕರೆಸಿ ತನ್ನದನ್ನು ಆಕೆಗೆ ಒಪ್ಪಿಸಿ, ಬಂದಣಿಕೆಗೆ ಬಂದು ವ್ರತವನ್ನು ತೊಟ್ಟು ದೇಹತ್ಯಾಗ ಮಾಡಿದಳೆಂದೂ ಶಾಸನವು ಮುಂದುವರಿಯುತ್ತದೆ.

ಶಾಸನವೆಂದರೆ ಆ ಕಾಲದ ಬಹಿರಂಗ ಬರವಣಿಗೆ. ದೇವಾಲಯದ ಮುಂದೆ, ಬಸದಿಯ ಅಂಗಳದಲ್ಲಿ, ಹೋಗುವವರು ಬರುವವರು ಓದಲೆಂದು ನಿಲ್ಲಿಸಿದ ಕಲ್ಲು. ಅಂಥ ಬರವಣಿಗೆಯಲ್ಲಿ ಸಾಮರ್ಥ್ಯಕ್ಕೆ ಅಗ್ರಸ್ಥಾನವನ್ನು ಕೊಟ್ಟ ಆ ಲಿಪಿಕಾರನು ಮೆಚ್ಚತಕ್ಕವನು. ಆದರೂ ‘ಹೆಣ್ಣಾಗಿದ್ದರೂ’ ಎಂಬ ಭಾವವು ಅವನ ಉಳಿಯ ತುದಿಯಿಂದಲೂ ಜಾರಿ ಬಿದ್ದಿದೆ. ಮಗಳಿಗೆ ಒಪ್ಪಿಸಿದಳೆಂಬ ಮಾತು ಅದಕ್ಕಿಂತಲೂ ಬೆಲೆಯುಳ್ಳದ್ದು. ಒಬ್ಬ ವಿಧವೆಗೆ ಅನುಕಂಪದಿಂದ ಕೊಟ್ಟ ಕೆಲಸವಾಗಿದ್ದರೆ ಅದು ತಾಯಿಯಿಂದ ಮಗಳ ಕೈಗೆ ಇಳಿಯುತ್ತಿರಲಿಲ್ಲ.

ಇನ್ನು ಮೆಣಸಿನ ಕಥೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯು 1552ರಿಂದ 1606ರ ವರೆಗೆ, 54 ವರ್ಷ, ಆಳಿದಳು. ಭಾರತದ ಚರಿತ್ರೆಯಲ್ಲಿ ಇಷ್ಟು ದೀರ್ಘಕಾಲ ರಾಜ್ಯವಾಳಿದ ಅರಸಿಯರು ತೀರ ವಿರಳ. ಘಟ್ಟದ ತಪ್ಪಲಿನ ಕಾಡುತೋಟಗಳಲ್ಲಿ ಬೆಳೆದ ಕರಿಮೆಣಸು ಶರಾವತಿಯ ಹಾದಿಯಲ್ಲಿ ಹೊನ್ನಾವರಕ್ಕಿಳಿದು ಹಡಗನ್ನೇರುತ್ತಿತ್ತು. ಆ ಸರಕಿನ ಮೇಲೆ ಈಕೆಗಿದ್ದ ಹತೋಟಿಯನ್ನು ಮುರಿಯಲು ಪೋರ್ಚುಗೀಸರು ಒಮ್ಮೆ ಒಪ್ಪಂದವನ್ನೂ ಒಮ್ಮೆ ತೋಪನ್ನೂ ಬಳಸಿದರು. 1569ರಲ್ಲಿ ಹೊನ್ನಾವರದ ಕೋಟೆಯನ್ನೇ ಹಿಡಿದರು. ಅವರು ಆಕೆಗೆ ಇಟ್ಟ ಹೆಸರು ‘ರೈನಾ ದ ಪಿಮೆಂಟಾ’, ಎಂದರೆ ಮೆಣಸಿನ ರಾಣಿ.

ಈ ಹೆಸರನ್ನು ನಮ್ಮವರು ಹೆಮ್ಮೆಯಿಂದ ಉದ್ಧರಿಸುವುದುಂಟು. ಹೆಮ್ಮೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಸರನ್ನು ಇಟ್ಟವನು ಗಿರಾಕಿ ಎಂಬುದನ್ನು ಮರೆಯಬಾರದು. ಗಿರಾಕಿಗೆ ಕಾಣುವುದು ಅಂಗಡಿಯಲ್ಲಿರುವ ಸರಕು. ಗೋವೆಯ ವೈಸರಾಯನನ್ನು ಅವನ ಅಧಿಕಾರದ ಹೆಸರಿನಿಂದ ಕರೆದ ಲೇಖನಿಯೇ, ಐವತ್ತು ವರ್ಷ ಅವನ ಜನಕ್ಕೆ ಎದುರಾಗಿ ಬೆಲೆ ಕಟ್ಟಿ ಕುಳಿತ ಅರಸಿಯನ್ನು ಒಂದು ಸಾಂಬಾರ ಪದಾರ್ಥದ ಹೆಸರಿನಿಂದ ಕರೆಯಿತು. 1606ರಲ್ಲಿ ಕೆಳದಿಯ ವೆಂಕಟಪ್ಪನಾಯಕನು ಆಕೆಯ ರಾಜ್ಯವನ್ನು ಗೆದ್ದನು. ಆಕೆ ಕೆಳದಿಯ ಸೆರೆಯಲ್ಲಿಯೇ ತೀರಿಕೊಂಡಳೆಂದು ಹೇಳುವರು. ಮೆಣಸಿನ ವ್ಯಾಪಾರವು ಹೀಗೆ ಮಲೆನಾಡಿನ ನಾಯಕರ ಕೈಸೇರಿತು.

ಇದಾದ 17 ವರ್ಷಗಳ ಮೇಲೆ, 1623ರಲ್ಲಿ, ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಶ್ರೀಮಂತನು ಅದೇ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದು, ಅಲ್ಲಿಂದ ಘಟ್ಟವಿಳಿದು ಮಂಗಳೂರಿನ ಕಡೆಗೆ ಹೋದನು. ಅಲ್ಲಿ ಅವನಿಗೆ ಉಳ್ಳಾಲದ ರಾಣಿಯನ್ನು ಕಾಣುವ ಕುತೂಹಲ. ಆಕೆ ಪೋರ್ಚುಗೀಸರನ್ನು ಎದುರಿಸಿದವಳು, ವೆಂಕಟಪ್ಪನಾಯಕನ ನೆರವಿನಿಂದ ಬಂಗರಾಜನನ್ನು ಸೋಲಿಸಿದವಳು. ದೆಲ್ಲಾ ವಾಲ್ಲೆ ಆಕೆಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಹೊಲಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು ಆಕೆ ಬರಿಗಾಲಿನಲ್ಲಿ, ಸೊಂಟಕ್ಕೆ ದಪ್ಪ ಬಿಳಿಯ ಬಟ್ಟೆಯನ್ನುಟ್ಟು, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಡೆದುಬರುತ್ತಿದ್ದಳು. ಆ ಪ್ರವಾಸಿಯು ಆಕೆಯ ಮೈಬಣ್ಣವನ್ನು ಬರೆದನು, ದೇಹದ ಸ್ಥೂಲತೆಯನ್ನು ಬರೆದನು, ವಯಸ್ಸು ನಲವತ್ತರ ಸುಮಾರೆಂದು ಅಂದಾಜು ಮಾಡಿದನು. ರಾಣಿಗಿಂತ ಅಡಿಗೆಮನೆಯ ಕೆಲಸದವಳಂತೆಯೋ ಅಗಸಗಿತ್ತಿಯಂತೆಯೋ ಕಾಣುತ್ತಾಳೆಂದು ಬರೆದನು. ಇಂಥವಳಿಂದ ಸ್ಪೇನಿನ ದೊರೆಯ ಸೇನೆ ಸೋತಿತೆ ಎಂದು ತನ್ನೊಳಗೆ ಅಂದುಕೊಂಡನಂತೆ. ಅವನನ್ನು ಪೂರ್ತಿಯಾಗಿ ದೂರುವಂತೆಯೂ ಇಲ್ಲ. ಆಕೆ ಮಾತಿಗೆ ತೊಡಗಿದಾಗ ಅವನ ಅಭಿಪ್ರಾಯವು ತಿರುಗಿತು. ಕಂಠವು ಇಂಪಾದುದು, ಮಾತು ವಿವೇಕಿಯದು ಎಂದು ಒಪ್ಪಿಕೊಂಡನು.

ವಾಚಕರು ಇಲ್ಲಿ ಒಂದು ಅಂಶವನ್ನು ಪರಿಶೀಲಿಸಬೇಕು. ಆ ಹೊತ್ತಿನಲ್ಲಿ ರಾಣಿಯು ಮಾಡುತ್ತಿದ್ದ ಕೆಲಸವು ರಾಜ್ಯದ ಆದಾಯದ ಮೂಲಕ್ಕೆ ಸಂಬಂಧಪಟ್ಟದ್ದು. ಕರಾವಳಿಯ ಅಕ್ಕಿಯನ್ನು ನಂಬಿಯೇ ಗೋವೆಯ ಪೋರ್ಚುಗೀಸರು ಊಟ ಮಾಡುತ್ತಿದ್ದರು. ಅಕ್ಕಿಗೆ ನೀರು ಬೇಕು, ನೀರಿಗೆ ಕಾಲುವೆ ಬೇಕು. ಕಾಲುವೆಯ ಕೆಸರಿಗೆ ಹೋಗುವವರು ಬರಿಗಾಲಿನಲ್ಲಿ ಹೋಗದೆ ಜರತಾರಿಯ ಪಾದರಕ್ಷೆ ತೊಟ್ಟು ಹೋಗುವರೆ? ಪ್ರವಾಸಿಯ ಕಣ್ಣು ಕಾಲಿನ ಮೇಲೆ ನಿಂತಿತೇ ಹೊರತು ಕಾಲುವೆಯ ಮೇಲೆ ನಿಲ್ಲಲಿಲ್ಲ. ಆ ಕಾಲುವೆ ಎಷ್ಟು ಉದ್ದ, ಎಷ್ಟು ಗದ್ದೆಗೆ ನೀರು ಕೊಡತಕ್ಕದ್ದು ಎಂಬುದನ್ನು ಕೇಳಿ ಬರೆದಿದ್ದರೆ ಚರಿತ್ರೆಗೆ ಅದೆಷ್ಟು ಉಪಕಾರವಾಗುತ್ತಿತ್ತು!

ಚೆನ್ನಮ್ಮಾಜಿಯ ವಿಷಯಕ್ಕೆ ಮರಳೋಣ. ಆಕೆಯ ಬಿದನೂರು ಘಟ್ಟದ ತಲೆಯ ಮೇಲೆ ಕುಳಿತ ಪೇಟೆ. ಬಯಲುಸೀಮೆಯಿಂದ ಬಂದ ಸರಕು, ಮಲೆನಾಡಿನ ಅಡಿಕೆ, ಮೆಣಸು, ಏಲಕ್ಕಿ ಎಲ್ಲವೂ ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು ಬಸರೂರು, ಮಂಗಳೂರು, ಹೊನ್ನಾವರಗಳನ್ನು ಸೇರಬೇಕಾಗಿತ್ತು. ಒಂದು ಕಡೆ ಪೋರ್ಚುಗೀಸರು, ಇನ್ನೊಂದು ಕಡೆ ಡಚ್ಚರು, ಮತ್ತೊಂದು ಕಡೆ ಇಂಗ್ಲಿಷರು ಅದೇ ಮೆಣಸಿಗೂ ಅಕ್ಕಿಗೂ ಕೈಚಾಚಿದ್ದರು. 1678ರಲ್ಲಿ ಆಕೆಯ ಆಳ್ವಿಕೆಯಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಮಂಗಳೂರಿನಲ್ಲಿ ಅವರಿಗೆ ಕೋಠಿಯನ್ನು ಕಟ್ಟಿಕೊಳ್ಳಲು ಅವಕಾಶ ದೊರೆಯಿತು. ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅಪ್ಪಣೆಯಾಯಿತು. ಒಬ್ಬರಿಗೇ ಎಲ್ಲವನ್ನೂ ಮಾರುವವನು ಬೆಲೆಯನ್ನು ಕಳೆದುಕೊಳ್ಳುತ್ತಾನೆ, ಎಲ್ಲರನ್ನೂ ದೂರವಿಟ್ಟವನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಈ ಎರಡರ ನಡುವೆ ಕಾಲು ಶತಮಾನ ನಡೆದವಳು ಚೆನ್ನಮ್ಮಾಜಿ. ಮಕ್ಕಳಿಲ್ಲದ ಆಕೆ ದತ್ತು ತೆಗೆದುಕೊಂಡದ್ದು ಬಿದನೂರಿನ ಸೆಟ್ಟಿ ಮನೆತನದ ಬಾಲಕನನ್ನು. ಅವನೇ ಮುಂದೆ ಬಸಪ್ಪನಾಯಕನೆಂಬ ಹೆಸರಿನಿಂದ ದೊರೆಯಾದನು. ಭದ್ರಾವತಿಯಿಂದ ಹೆಚ್ಚು ದೂರವಿಲ್ಲದ ಚನ್ನಗಿರಿಯು ಆಕೆಯ ಹೆಸರನ್ನೇ ಹೊತ್ತಿರುವುದೆಂದು ಪ್ರತೀತಿ.

ಬಸಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವು 1709ರ ಸುಮಾರಿನದು. ವಿಶ್ವಕೋಶದಂತೆ ಸಕಲ ವಿಷಯಗಳನ್ನೂ ಒಳಗೊಂಡ ಆ ಗ್ರಂಥದಲ್ಲಿ ಕೆಳದಿಯ ವಂಶಚರಿತ್ರೆಯೂ ಉಂಟು. ಲಿಂಗಣ್ಣಕವಿಯ ಕೆಳದಿನೃಪವಿಜಯವು ಕನ್ನಡ ಚಂಪೂಕಾವ್ಯ. ಎರಡರಲ್ಲಿಯೂ ರಾಜಾರಾಮನಿಗೆ ಆಶ್ರಯ ಕೊಟ್ಟ ಪ್ರಸಂಗವು ಬರುತ್ತದೆ. ಕವಿಗಳ ಕಡೆಯಿಂದ ಹೇಳಬೇಕಾದ ಮಾತೂ ಒಂದುಂಟು: ಕಾವ್ಯಕ್ಕೆ ವೀರ, ದಾನ, ಭಕ್ತಿಗಳು ಬೇಕು, ಸುಂಕದ ಚೌಕಿಯು ಯಾವ ರಸಕ್ಕೂ ಆಲಂಬನವಾಗಲಾರದು. ಶಿವಪ್ಪನಾಯಕನ ಶಿಸ್ತು ಉಳಿದದ್ದು ಕಾವ್ಯದಿಂದಲ್ಲ, ಶಾನುಭೋಗರ ಕಡತದಿಂದ ಮತ್ತು ತೆರಿಗೆ ಕೊಟ್ಟ ರೈತರ ಬಾಯಿಂದ. ಚೆನ್ನಮ್ಮಾಜಿಯ ಕಾಲದ ಶಾನುಭೋಗರೂ ಅದೇ ಕಡತದಲ್ಲಿ ಬರೆದರು. ಕಡತದ ಮೇಲೆ ಅದನ್ನು ಮೊದಲು ಕಟ್ಟಿದವನ ಹೆಸರು ನಿಂತಿತು, ಹರಿಯದಂತೆ ಕಾಪಾಡಿದವಳ ಹೆಸರು ನಿಲ್ಲಲಿಲ್ಲ.

ಚೆನ್ನಮ್ಮಾಜಿಗೆ ಆದದ್ದು ಅರ್ಧ ವಿಸ್ಮರಣೆ. ವೀರಮ್ಮಾಜಿಗೆ ಆದದ್ದು ಅದಕ್ಕಿಂತಲೂ ಕಠಿನವಾದದ್ದು. 1757ರಿಂದ 1763ರ ವರೆಗೆ ಬಿದನೂರನ್ನು ಆಳಿದ ಈ ಕೊನೆಯ ರಾಣಿಯನ್ನು ಕುರಿತು ಕರ್ನಲ್ ವಿಲ್ಕ್ಸನು 1810ರಲ್ಲಿ ಪ್ರಕಟಿಸತೊಡಗಿದ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ರಾಣಿಗೆ ಜಾರನಿದ್ದನೆಂದೂ, ಅದನ್ನು ಆಕ್ಷೇಪಿಸಿದ ದತ್ತುಪುತ್ರನನ್ನು ಜಟ್ಟಿಯೊಬ್ಬನಿಂದ ಕೊಲ್ಲಿಸಿದಳೆಂದೂ ಅವನ ಕಥನ. ಅನಂತರ ಬಂದ ಲೇಖಕರು ಅದನ್ನೇ ಮತ್ತೆ ಮತ್ತೆ ನಕಲು ಮಾಡಿದರು. ಈ ಕಥೆಯು ಯಾರಿಗೆ ಉಪಯೋಗವಾಯಿತು ಎಂಬುದನ್ನು ಮಾತ್ರ ಕೇಳಿದವರು ಕಡಮೆ. ತಾನೇ ಆ ಕೊಲೆಯಿಂದ ತಪ್ಪಿಸಿಕೊಂಡ ರಾಜಕುಮಾರನೆಂದು ಹೇಳಿಕೊಂಡು ಒಬ್ಬನು ಚಿತ್ರದುರ್ಗದ ಬಳಿ ಹೈದರನನ್ನು ಕಂಡನು; ಅವನಿಗೆ ನ್ಯಾಯ ದೊರಕಿಸುವ ನೆಪದಿಂದಲೇ ಹೈದರನು ಬಿದನೂರಿನ ಮೇಲೆ ನಡೆದನು. ರಾಣಿಯು ದುಷ್ಟೆಯಾಗದೆ ದಂಡಯಾತ್ರೆಗೆ ಕಾರಣವಿರಲಿಲ್ಲ. ಆಕೆ ನಿರ್ದೋಷಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಲಾಭ ಪಡೆದವನ ಪಾಳೆಯದಲ್ಲಿ ಬೆಳೆದ ಸಾಕ್ಷ್ಯವನ್ನು ಯಾವ ನ್ಯಾಯಾಧಿಪತಿಯೂ ಪರೀಕ್ಷಿಸದೆ ಸ್ವೀಕರಿಸನು.

1763ರ ಆದಿಯಲ್ಲಿ ಶಿವಮೊಗ್ಗೆಯು ಹೈದರನ ವಶವಾಯಿತು. ರಾಣಿಯು ಹಣ ಕೊಟ್ಟು ಹಿಂದಕ್ಕೆ ಕಳುಹಿಸಲು ಯತ್ನಿಸಿದಳು. ಅವನು ಮುಂದೆ ಬಂದಂತೆಲ್ಲ ಮೊತ್ತವನ್ನೂ ಏರಿಸಿದಳು. ಅವನು ನಿಲ್ಲಲಿಲ್ಲ. ಅರಮನೆಗೆ ಬೆಂಕಿಯಿಡಲು ಹೇಳಿ ಆಕೆ ಬಲ್ಲಾಳರಾಯನದುರ್ಗಕ್ಕೆ ಹೋದಳು. ಹೈದರನು ಬೆಂಕಿಯನ್ನಾರಿಸಿ ಭಂಡಾರವನ್ನು ಹಿಡಿದನು. ಆ ಸೂರೆಯ ಬೆಲೆಯನ್ನು ವಿಲ್ಕ್ಸನು 1 ಕೋಟಿ 20 ಲಕ್ಷ ಪೌಂಡೆಂದು ಎಣಿಸಿದ್ದಾನೆ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಅಡಿಪಾಯವೆಂದು ಹೈದರನು ಬದುಕಿರುವವರೆಗೂ ಹೇಳುತ್ತಿದ್ದನೆಂದೂ ಬರೆದಿದ್ದಾನೆ. ಮೊತ್ತವು ಅತಿಶಯೋಕ್ತಿಯೇ ಆಗಿರಲಿ. ಅದರ ನಾಲ್ಕರಲ್ಲೊಂದು ಪಾಲಾದರೂ ಆ ಭಂಡಾರದಲ್ಲಿತ್ತಷ್ಟೆ. ಒಂದೇ ಗ್ರಂಥದಲ್ಲಿ, ಕೆಲವೇ ಹಾಳೆಗಳ ಅಂತರದಲ್ಲಿ, ರಾಣಿಯ ನಡತೆಯೂ ಬಂದಿದೆ, ರಾಜ್ಯದ ಸಿರಿಯೂ ಬಂದಿದೆ. ಹೆಂಗಸಿನ ದುರ್ನಡತೆಯಿಂದ ಹಾಳಾಯಿತೆಂದು ಹೇಳುವ ರಾಜ್ಯದಲ್ಲಿ ಅಷ್ಟು ಹಣವು ಆರು ವರ್ಷ ಕರಗದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಯು ಮಾತ್ರ ಬಂದಿಲ್ಲ. ರಾಣಿಯು ಮಧುಗಿರಿಯ ಸೆರೆಯಲ್ಲಿದ್ದು, 1767ರಲ್ಲಿ ಮರಾಠರಿಂದ ಬಿಡುಗಡೆ ಹೊಂದಿ, ಪುಣೆಯ ಹಾದಿಯಲ್ಲಿ ತೀರಿಕೊಂಡಳೆಂದು ಹೇಳುವರು.

ಅಚ್ಚಿನ ಯುಗವು ಬಂದ ಮೇಲೆ ಈ ಪದ್ಧತಿ ಬದಲಾಯಿತೆ? ಕನ್ನಡದ ಮೊದಲ ವೃತ್ತಪತ್ರಿಕೆ ಮಂಗಳೂರ ಸಮಾಚಾರವು ಹೊರಟದ್ದು 1843ರಲ್ಲಿ. ಪತ್ರಿಕೆಯ ಯಜಮಾನಿಕೆಯಲ್ಲಿ ಹೆಂಗಸು ಕಾಣಿಸಿಕೊಳ್ಳಲು ಅನಂತರ ಎಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. ನಂಜನಗೂಡಿನ ತಿರುಮಲಾಂಬೆಯು 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನೂ 1917ರಲ್ಲಿ ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನೂ ಆರಂಭಿಸಿದಳು. ಬರೆಯುವುದು ಒಂದು ವಿದ್ಯೆ. ಬರೆದುದನ್ನು ಅಚ್ಚು ಹಾಕಿಸಿ, ಚಂದಾ ಕೂಡಿಸಿ, ಟಪಾಲಿಗೆ ಹಾಕಿ, ಬಾಕಿ ವಸೂಲು ಮಾಡುವುದು ಬೇರೊಂದು ವಿದ್ಯೆ. ಸಾಹಿತ್ಯಚರಿತ್ರೆಗಳಲ್ಲಿ ಆಕೆ ಬಾಲವಿಧವೆಯೆಂದು ಬರುತ್ತಾಳೆ, ಕಾದಂಬರಿಕಾರ್ತಿಯೆಂದು ಬರುತ್ತಾಳೆ. ಪ್ರಕಾಶನವೆಂಬ ಉದ್ಯಮವನ್ನು ಕಟ್ಟಿದವಳೆಂದು ಬರುವುದು ತೀರ ಅಪರೂಪ.

ಇಂದಿನ ಪತ್ರಿಕೆಗಳನ್ನು ನೋಡಿದರೆ ಹಳೆಯ ವೃತ್ತಾಂತಕಾರರು ಇನ್ನೂ ಬದುಕಿರುವಂತೆ ತೋರುತ್ತದೆ. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನಲ್ಲಿ 10,000 ರೂಪಾಯಿಗಳ ಮೂಲಧನದಿಂದ, ಬಾಡಿಗೆಯ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಕಂಪೆನಿಯನ್ನು ತೊಡಗಿಸಿದರು. ಪರಂಗಿಹಣ್ಣಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವವು ಅದರ ಮೊದಲ ಸರಕುಗಳಲ್ಲೊಂದು. ಹೆಂಗಸಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವೆಂಬುದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. 2004ರಲ್ಲಿ ಆ ಕಂಪೆನಿಯ ಷೇರುಗಳು ಪೇಟೆಗೆ ಬಂದವು. ಇಂಗ್ಲಿಷ್ ಪತ್ರಿಕೆಗಳು ಅವರಿಗೆ ಇಟ್ಟ ಬಿರುದು ‘ಜೈವಿಕ ತಂತ್ರಜ್ಞಾನದ ರಾಣಿ’. ಮೆಣಸಿನ ರಾಣಿಗೂ ಈ ರಾಣಿಗೂ ನಾಲ್ಕು ಶತಮಾನಗಳ ಅಂತರ. ಹೆಸರಿಡುವವರ ಭಂಡಾರದಲ್ಲಿ ಹೊಸ ಪದವೊಂದು ಸೇರಿದಂತೆ ಕಾಣುವುದಿಲ್ಲ. ಗಂಡಸು ಕಾರಖಾನೆಯನ್ನು ಕಟ್ಟಿದರೆ ಉದ್ಯಮಿ. ಹೆಂಗಸು ಕಟ್ಟಿದರೆ ಕಿರೀಟವೊಂದನ್ನು ತೊಡಿಸಿ, ಆಕೆ ಮನೆಯನ್ನೂ ಕಚೇರಿಯನ್ನೂ ಹೇಗೆ ಸರಿದೂಗಿಸುತ್ತಾಳೆಂದು ಕೇಳುವುದು ವಾಡಿಕೆ. 2013ರ ಕಂಪೆನಿ ಕಾಯಿದೆಯಂತೆ ಷೇರುಪೇಟೆಯಲ್ಲಿರುವ ಕಂಪೆನಿಗಳ ನಿರ್ದೇಶಕ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕೆಂದಾಯಿತು. ಅಲ್ಲಿಂದೀಚೆಗೆ ‘ಪ್ರಥಮ ಮಹಿಳೆ’ ಎಂಬ ಶೀರ್ಷಿಕೆಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬಂದಳಿಕೆಯ ಕಲ್ಲನ್ನು ಓದಿದವರು ಆ ವಿಶೇಷಣವನ್ನು ಸ್ವಲ್ಪ ಮಿತವಾಗಿ ಬಳಸುತ್ತಿದ್ದರೇನೋ.

ಈ ಸುದ್ದಿಗಳ ಕಾಗದಕ್ಕೂ ಈ ಜಿಲ್ಲೆಗೂ ಒಂದು ಸಂಬಂಧವಿತ್ತು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಸ್ಥಾಪಿತವಾದದ್ದು 1936ರಲ್ಲಿ. 1981ರಿಂದ ಅಲ್ಲಿ ವೃತ್ತಪತ್ರಿಕೆಯ ಕಾಗದವೂ ತಯಾರಾಗತೊಡಗಿತು. ಮಲೆನಾಡಿನ ಮರವು ಭದ್ರೆಯ ನೀರಿನಲ್ಲಿ ನೆನೆದು ಕಾಗದವಾಗಿ ನಾಡಿನ ಮುದ್ರಣಾಲಯಗಳಿಗೆ ಹೋಯಿತು. 2015ರ ವೇಳೆಗೆ ಆ ಕಾರಖಾನೆಯು ಉತ್ಪಾದನೆಯನ್ನು ನಿಲ್ಲಿಸಿತು. ಬೇರೆ ಕಡೆಯ ಕಾಗದದ ಮೇಲೆ ಪತ್ರಿಕೆಗಳು ಈಗಲೂ ಅಚ್ಚಾಗುತ್ತಿವೆ. ಶಿವಮೊಗ್ಗ, ಭದ್ರಾವತಿಗಳ ಓದುಗರಲ್ಲಿ ಅನೇಕರು ಮೊದಲು ತೆರೆದು ನೋಡುವುದು ಅಡಿಕೆಯ ಧಾರಣೆಯನ್ನು. ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಆ ಅಡಿಕೆಯನ್ನು ಸುಲಿದವರಲ್ಲಿ ಹೆಚ್ಚಿನವರು ಹೆಂಗಸರು. ಎಷ್ಟೋ ಮನೆಗಳಲ್ಲಿ ಎಷ್ಟು ಒಣಗಿಸಬೇಕು, ಯಾವಾಗ ಮಂಡಿಗೆ ಕಳುಹಿಸಬೇಕು, ಬಂದ ಹಣದಲ್ಲಿ ಯಾವ ಸಾಲವನ್ನು ಮೊದಲು ತೀರಿಸಬೇಕು ಎಂಬುದನ್ನು ನಿಶ್ಚಯಿಸುವವರೂ ಅವರೇ. ಮಂಡಿಯ ಚೀಟಿಯಲ್ಲಿ ಮಾತ್ರ ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿರುತ್ತದೆ.